ಜೊಕಿಮ್ ಪೊರ್ಬುಗಳು ಇಗರ್ಜಿ ಬದಲಿಸಿದ ಮಳೆಗಾಲ

೧೫ ಜೂನ್ ೧೯೫೮, ಆದಿತ್ಯವಾರ

ಬಂದರು ಮುಚ್ಚಿದೆ. ಅಳಿವೆಯ ಬಾಯಲ್ಲಿ ಕಡಲು ಎದ್ದು ನಿಂತಿದೆ. ಇನ್ನು ಮಳೆ ಮುಗಿಯುವವರೆಗೆ ಸರಕು ತರುವ ಮಂಜಿಗಳು ಬರುವುದಿಲ್ಲ, ದಕ್ಕೆಯಲ್ಲಿ ಮೂಟೆ ಇಳಿಯುವುದಿಲ್ಲ, ಹೊರುವವರಿಗೆ ಕೂಲಿಯಿಲ್ಲ. ಅದಕ್ಕೇ ನಮ್ಮಲ್ಲಿ ಮಳೆಗಾಲವೆಂದರೆ ಫುಟ್‌ಬಾಲ್. ಕೆಲಸವಿಲ್ಲದ ಕಾಲುಗಳಿಗೆ ಇನ್ನೇನು ದಾರಿ?

ದಕ್ಕೆ ಯುನೈಟೆಡ್ ಕ್ಲಬ್ಬಿಗೆ ನಾನು ಸೆಕ್ರೆಟರಿಯಾದ ಮೇಲೆ ಇದು ಮೊದಲ ಸೀಸನ್. ಹಗ್ಗ, ಲಂಗರು, ಮೊಳೆ ಮಾರುವ ಅಂಗಡಿಯಲ್ಲಿ ಗಿರಾಕಿಯಿಲ್ಲದ ಹೊತ್ತಿನಲ್ಲಿ ಕೆಂಪು ಬಾವುಟದವರ ಕಿರುಹೊತ್ತಗೆಗಳನ್ನು ಓದಿ ಓದಿ ನಾನು ತಿಳಿದುಕೊಂಡ ಸತ್ಯವೊಂದುಂಟು: ಮುಚ್ಚಿಟ್ಟದ್ದೆಲ್ಲ ಕೊಳೆಯುತ್ತದೆ. ದೇಶಕ್ಕೆ ಹೇಗೋ ಕ್ಲಬ್ಬಿಗೂ ಹಾಗೆಯೇ. ಅದಕ್ಕೆ ಕ್ಲಬ್ಬಿನ ಕೋಣೆಯಲ್ಲಿ ಕರಿಹಲಗೆ ತೂಗುಹಾಕಿದ್ದೇನೆ. ಯಾರು ಆಡುತ್ತಾರೆ, ಯಾರನ್ನು ಬಿಟ್ಟಿದೆ, ಯಾಕೆ ಎಂಬುದನ್ನು ಪ್ರತಿ ವಾರ ಅದರಲ್ಲಿ ಬರೆಯಬೇಕು.

ಮ್ಯಾನೇಜರ್ ಜೊಕಿಮ್ ಪೊರ್ಬುಗಳಿಗೆ ಹಲಗೆ ಹಿಡಿಸಲಿಲ್ಲ. ನಾವು ತುಳುವರು ಕ್ರಿಸ್ತುವರಿಗೆ ಮರ್ಯಾದೆಯಿಂದ ಪೊರ್ಬುಗಳು ಅನ್ನುತ್ತೇವೆ. ನನಗೆ ಚೆಂಡು ಒದೆಯಲು ಕಲಿಸಿದವರು ಅವರೇ. ಆದರೆ ಗುರುಭಕ್ತಿ ಬೇರೆ, ತತ್ವ ಬೇರೆ.

"ಹಲಗೆ ಎಂತಕ್ಕೆ ಮಹಾಬಲ? ನಾವು ಶಾಲೆ ನಡೆಸ್ತೇವಾ?" ಎಂದರು.

ಇಂದು ಮೊದಲ ಪಂದ್ಯ. ಸೋತೆವು. ಕ್ಲಬ್ಬಿಗೆ ಹಿಂದಿರುಗಿ ನಾನು ಒಳಗೆ ಕಾಲಿಟ್ಟಾಗ ಹುಡುಗರ ಮಾತು ತಟ್ಟನೆ ನಿಂತಿತು. ಈಚೆಗೆ ಹೀಗಾಗುತ್ತಿದೆ. ನನ್ನ ಬಗ್ಗೆ ಗೌರವ ಬೆಳೆದಿದೆ.

೨೯ ಜೂನ್

ಬೆಳಿಗ್ಗೆ ಚೆಂಡಿನ ಪಂಪು ತರಲೆಂದು ಪೊರ್ಬುಗಳ ಮನೆಗೆ ಹೋಗಿದ್ದೆ. ಅವರ ಹೆಂಡತಿ ಕಾರ್ಮಿನ್ ಬಾಯಮ್ಮ ಒಣಮೀನಿನ ತಲೆ ಮುರಿಯುತ್ತ ಕೂತಿದ್ದರು.

"ಪೊರ್ಬುಗಳಿಲ್ಲವಾ?"

"ಪೂಜೆಗೆ ಹೋಗಿದ್ದಾರೆ."

"ಈಗಲಾ? ನಿಮ್ಮ ಇಗರ್ಜಿಯಲ್ಲಿ ಪೂಜೆ ಮುಗಿದು ಜನ ಮನೆ ಸೇರಿದರಲ್ಲ?"

"ನಮ್ಮ ಇಗರ್ಜಿಗಲ್ಲ. ಆಚೆ, ಹಂಚಿನ ಕಾರ್ಖಾನೆಯ ಹತ್ತಿರದ್ದಕ್ಕೆ. ಈ ತಿಂಗಳಿಡೀ ಅಲ್ಲಿಗೇ." ಮೀನು ಕೆಳಗಿಟ್ಟರು. "ಮದುವೆಯಾದ ಇಗರ್ಜಿ, ಮಕ್ಕಳ ಜ್ಞಾನಸ್ನಾನ ಆದ ಇಗರ್ಜಿ ಬಿಟ್ಟು ಅಲ್ಲಿ ಎಂತ ಉಂಟು, ನೀನೇ ಹೇಳು. ಕೇಳಿದರೆ ಅಲ್ಲಿಯ ಪಾದ್ರಿಗಳ ಪ್ರಸಂಗ ಬಹಳ ಒಳ್ಳೆಯದಂತೆ. ಈ ಮನುಷ್ಯ ಪ್ರಸಂಗದ ಹೊತ್ತಿಗೆ ಒಂದು ದಿನವಾದರೂ ಎಚ್ಚರ ಇದ್ದದ್ದುಂಟಾ!"

ಅವರು ಸ್ವರ ತಗ್ಗಿಸಿದರು.

"ಅಲ್ಲಿ ಒಬ್ಬಳು ವಿನಿಫ್ರೆಡ್ ಇದ್ದಾಳೆ. ಗಂಡ ತೀರಿಹೋಗಿದ್ದಾನೆ. ಬೇಕರಿ ಉಂಟು. ನೀನು ಓದಿದವ, ಒಮ್ಮೆ ನೋಡಿಕೊಂಡು ಬಾ ಮಗಾ."

ಅವರ ಸಂಶಯ ಹೆಂಗಸರ ಸಂಶಯ. ನನ್ನದು ಬೇರೆ. ಆ ಹಂಚಿನ ಕಾರ್ಖಾನೆಗೂ ಒಂದು ತಂಡವುಂಟು. ಧಣಿಗಳು ಹೊಲಿಸಿಕೊಟ್ಟ ಕೆಂಪು ಅಂಗಿ ಹಾಕಿಕೊಂಡು ಆಡುತ್ತಾರೆ. ಕೆಂಪು ಬಣ್ಣಕ್ಕೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಆಗಸ್ಟಿನಲ್ಲಿ ನಮಗೂ ಅವರಿಗೂ ಪಂದ್ಯ.

ಸಂಜೆ ಮತ್ತೆ ಸೋತೆವು. ಹಾಫ್ ಟೈಮಿನಲ್ಲಿ ಪೊರ್ಬುಗಳು ಲಿಂಬೆ ಹೋಳು ಹಂಚುತ್ತ ನಗುತ್ತಿದ್ದರು. ಸೋಲುವ ತಂಡದ ಮ್ಯಾನೇಜರಿಗೆ ನಗು ಎಲ್ಲಿಂದ ಬರುತ್ತದೆ?

೬ ಜುಲೈ

ಗೂಢಚಾರಿಕೆ ಬೇರೆ, ವಿಚಾರಣೆ ಬೇರೆ. ನಾನು ಮಾಡಿದ್ದು ವಿಚಾರಣೆ.

ಆ ಇಗರ್ಜಿಯ ಎದುರಿನ ಸೈಕಲ್ ಅಂಗಡಿಯ ಜಗಲಿಯಲ್ಲಿ ಮಳೆಗೆ ನಿಂತವನಂತೆ ನಿಂತೆ. ಪೂಜೆ ಬಿಟ್ಟಿತು. ಹೆಂಗಸರು ಹೋದರು, ಗಂಡಸರು ಬೀಡಿ ಹಚ್ಚಿದರು. ಪೊರ್ಬುಗಳು ನೇರವಾಗಿ ಹೋದದ್ದು ಬೆನೆಡಿಕ್ಟನ ಬಳಿಗೆ. ಈ ಬೆನೆಡಿಕ್ಟ್ ಕಾರ್ಖಾನೆಯ ಸೂಪರ್‌ವೈಸರ್. ಕೆಂಪಂಗಿಯವರ ಮ್ಯಾನೇಜರೂ ಅವನೇ.

ಬೆನೆಡಿಕ್ಟ್ ವಯಸ್ಸಿನಲ್ಲಿ ಚಿಕ್ಕವನು. ಪೊರ್ಬುಗಳು ತಮ್ಮ ಕೊಡೆಯನ್ನು ಅವನ ತಲೆಯ ಮೇಲೆ ಹಿಡಿದು, ತಾವು ನೆನೆಯುತ್ತ ನಿಂತಿದ್ದರು. ರೆಫ್ರಿಗಳೆದುರೂ ತಲೆ ತಗ್ಗಿಸದ ಮನುಷ್ಯ! ಮಾತೆಲ್ಲ ಕೊಂಕಣಿಯಲ್ಲಿ. ನನಗೆ ತಿಳಿದದ್ದು ಎರಡೇ ಹೆಸರು: ಸಲಾಂ, ಅದ್ದು. ಒಬ್ಬ ನಮ್ಮ ಸೆಂಟರ್ ಫಾರ್ವರ್ಡ್, ಇನ್ನೊಬ್ಬ ಗೋಲು ಕಾಯುವ ನಮ್ಮ ಗೋಲಿ. ಕೊನೆಗೆ ಬೆನೆಡಿಕ್ಟ್ ತಲೆಯಾಡಿಸಿ ಪೊರ್ಬುಗಳ ಭುಜ ತಟ್ಟಿದ.

ಹಿಂದಿರುಗುವಾಗ ಬಾಯಮ್ಮನಿಗೆ ವರದಿ ಕೊಟ್ಟೆ.

"ವಿನಿಫ್ರೆಡ್ ಇಲ್ಲ. ಬೆನೆಡಿಕ್ಟ್ ಮಾತ್ರ."

"ಬೆನೆಡಿಕ್ಟಾ? ಅವನಾದರೆ ಅಡ್ಡಿಯಿಲ್ಲ ಮಾರಾಯ!" ಶಿಲುಬೆಯ ಗುರುತು ಮಾಡಿಕೊಂಡು ನನಗೆ ಚಹಾ ಕೊಟ್ಟರು. ಅವರ ಸಂಶಯ ಅಲ್ಲಿಗೆ ಮುಗಿಯಿತು. ನನ್ನದು ಅಲ್ಲಿಂದ ಶುರುವಾಯಿತು.

೧೧ ಜುಲೈ

ಸಲಾಂ ಅಭ್ಯಾಸಕ್ಕೆ ತಡವಾಗಿ ಬಂದ. ಕುತ್ತಿಗೆಯ ಬೆವರಿಗೆ ಕೆಂಪು ಪುಡಿ ಅಂಟಿತ್ತು. ಹಂಚಿನ ಪುಡಿ. ಎಲ್ಲಿಗೆ ಹೋಗಿದ್ದಿ ಎಂದು ಕೇಳಿದೆ.

"ಅತ್ತೆ ಮನೆಗೆ."

"ನಿನಗೆ ಮದುವೆಯಾಗಿಲ್ಲ."

"ಹುಡುಕ್ತಾ ಉಂಟು," ಎಂದು ನಕ್ಕು ಮೈದಾನಕ್ಕೆ ಓಡಿದ. ಉಳಿದವರೂ ನಕ್ಕರು. ನಾನು ನಗಲಿಲ್ಲ.

೨೦ ಜುಲೈ

ಅಧ್ಯಕ್ಷ ಸಂಕಪ್ಪಣ್ಣ ಕರೆಸಿದ್ದರು. ಕೊಬ್ಬರಿ ವ್ಯಾಪಾರಿ, ಕ್ಲಬ್ಬಿನ ಕೋಣೆ ಅವರ ಗೋದಾಮಿನ ಮೂಲೆ. ನಮ್ಮ ಆಟಗಾರರ ಬೆನ್ನ ಮೇಲೆ ಮೂಟೆ ಹೇರಿ ಬೆಳೆದ ಜನ. ಇಂಥವರ ವಿಷಯದಲ್ಲಿ ನನಗೆ ಭ್ರಮೆಯಿಲ್ಲ.

"ಜರ್ಸಿಗೆ ಬಟ್ಟೆ ಕೊಟ್ಟದ್ದು ನಾನು," ಎಂದರು. "ಪೇಪರಿನಲ್ಲಿ ಬರುವುದು ಎಂತ? ದಕ್ಕೆಗೆ ಸೋಲು, ದಕ್ಕೆಗೆ ಸೋಲು. ಪೊರ್ಬುಗಳಿಗೆ ಪ್ರಾಯ ಆಯ್ತಾ, ಅಲ್ಲ ಬೇರೆ ಏನಾದರೂ ಉಂಟಾ? ನಿನ್ನ ಕಣ್ಣು ಚುರುಕು ಅಂತ ಕೇಳಿದ್ದೇನೆ."

ನಾನು ನೋಡಿದ್ದನ್ನು ಹೇಳಿದೆ. ಅವರು ಗೋಳಿಬಜೆ ತರಿಸಿದರು. ಮೊದಲು ಬೇಡವೆಂದೆ, ಬಿಸಿಯಿತ್ತು, ತಿಂದೆ. ಗುರಿ ಒಂದೇ ಆದಾಗ ಸ್ವಲ್ಪ ದೂರ ಯಾರ ಜೊತೆಗಾದರೂ ನಡೆಯಬಹುದು.

"ಆ ಕೆಂಪಂಗಿ ಆಟ ಮುಗಿಯಲಿ," ಎಂದರು. "ಆಮೇಲೆ ಸಭೆ ಕರೆಯುವ. ನೀನು ಮಾತಾಡು. ನಿನ್ನಂಥವ ಹೇಳಿದರೆ ಜನ ನಂಬ್ತಾರೆ."

ಮಾತು ನಿಜ. ಆದರೆ ಅವರು ಅದನ್ನು ಹೇಳಿದ ರೀತಿ ನನಗೆ ಹಿಡಿಸಲಿಲ್ಲ.

೧೦ ಆಗಸ್ಟ್, ಆದಿತ್ಯವಾರ

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆದಿಡುತ್ತೇನೆ.

ಮಧ್ಯಾಹ್ನ ಕ್ಲಬ್ಬಿಗೆ ಹೋದಾಗ ಹಲಗೆಯ ಮೇಲೆ ಪೊರ್ಬುಗಳ ಅಕ್ಷರ: ಸಲಾಂ ಇಲ್ಲ. ಅದ್ದು ಇಲ್ಲ. ಕಾರಣದ ಜಾಗ ಖಾಲಿ. ಕಾರಣ ಬರೆಯಿರಿ ಎಂದು ಸೀಮೆಸುಣ್ಣದ ಕಡ್ಡಿ ಮುಂದೆ ಹಿಡಿದೆ. ಅವರು ನನ್ನ ಮುಖ ನೋಡಿ, "ಮಳೆ ಜೋರುಂಟು, ಹುಡುಗರಿಗೆ ಬೆಲ್ಲ ತಂದಿದ್ದೀಯಾ?" ಎಂದು ಹೊರಗೆ ಹೋದರು.

ಕೆಂಪಂಗಿಯವರಿಗೆ ಬೂಟು, ನಮ್ಮವರಿಗೆ ಬರಿಗಾಲು. ಇದು ಯಾವಾಗಲೂ ಇದ್ದದ್ದೇ. ಕೆಸರಿನಲ್ಲಿ ಬರಿಗಾಲೇ ಮೇಲು ಎಂದು ಕಳೆದ ವರ್ಷ ತೋರಿಸಿದ್ದೆವು. ಇವತ್ತು ಗೋಲಿಯ ಜಾಗದಲ್ಲಿ ನಿಂತವನು ಎಂದೂ ಅಲ್ಲಿ ನಿಂತವನಲ್ಲ. ಸೊನ್ನೆಗೆ ನಾಲ್ಕು. ಮೈದಾನದ ಸುತ್ತ ನಮ್ಮ ಬಂದರಿನ ಜನ ಮೊದಲು ಬೈದರು, ಆಮೇಲೆ ನಕ್ಕರು, ಕೊನೆಗೆ ಎದ್ದು ಹೋದರು.

ಸಲಾಂ ಮರದ ಕೆಳಗೆ ಮೈದಾನಕ್ಕೆ ಬೆನ್ನು ಹಾಕಿ ನಿಂತಿದ್ದ. ಪಾಪ ಮಾಡಿದವನಿಗೆ ನೋಡಲು ಆಗುವುದಿಲ್ಲ. ಆಟ ಮುಗಿದ ಮೇಲೆ ಧಣಿಗಳು ಕಾರಿನಿಂದ ಇಳಿದು ಬಂದು ತಮ್ಮವರ ಬೆನ್ನು ತಟ್ಟಿದರು. ಬೆನೆಡಿಕ್ಟ್ ಪೊರ್ಬುಗಳ ಕೈ ಕುಲುಕಿದ, ಬಹಳ ಹೊತ್ತು.

ಪೊರ್ಬುಗಳು ಒಬ್ಬರೇ ಮೂಲೆಯ ಬಾವುಟಗಳನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ನಡೆದರು. ಸಹಾಯಕ್ಕೆ ಹೋಗಬೇಕೆನ್ನಿಸಿತು. ಹೋಗಲಿಲ್ಲ.

೧೧ ಆಗಸ್ಟ್

ಹಲಗೆಯಲ್ಲಿ ಬರೆದೆ: ಹಿಂದಿನ ದಿನದ ಆಯ್ಕೆಗೆ ಮ್ಯಾನೇಜರ್ ಜೊಕಿಮ್ ಅವರು ಕಾರಣ ಕೊಡಬೇಕು. ಬರುವ ಆದಿತ್ಯವಾರ ಎಲ್ಲ ಸದಸ್ಯರ ಸಭೆ.

ಸಂಜೆ ಅವರು ಬಂದು ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು.

"ಹೆಸರಿನ ಮೊದಲು ಒಂದು 'ಶ್ರೀ' ಹಾಕು ಮಾರಾಯ. ಜನ ಬಂದು ಓದ್ತಾರಲ್ಲ."

ಹಾಕಿದೆ. ಇಂಥ ತಣ್ಣನೆಯ ಮಾತು ಪಳಗಿದ ಅಪರಾಧಿಗೆ ಮಾತ್ರ ಸಾಧ್ಯ.

ಆರು ಪುಟಗಳ ಭಾಷಣ ಸಿದ್ಧವಾಗಿದೆ.

೧೪ ಆಗಸ್ಟ್

ನಾಳೆಯ ಬಾವುಟ ಏರಿಸಲು ಹಗ್ಗ ಕೊಳ್ಳುವವರ ಗಲಾಟೆ ಮುಗಿದು ಅಂಗಡಿ ಬರಿದಾದಾಗ ಸಲಾಂ ಬಂದ. ಗಲ್ಲಾಪೆಟ್ಟಿಗೆಯ ಎದುರಿನ ಮೊಳೆಯ ಡಬ್ಬದ ಮೇಲೆ ಕೂತ.

"ಹಗ್ಗ ಬೇಕಾ?" ಎಂದೆ.

"ಬೇಡ. ನನ್ನ ಮಾತು ಕೇಳಿದ ಮೇಲೆ ನಿನಗೆ ಬೇಕಾದೀತು."

ನಾನು ಹಗ್ಗದ ಸುರುಳಿ ಸುತ್ತತೊಡಗಿದೆ.

"ನನಗೂ ಅದ್ದುವಿಗೂ ಕಾರ್ಖಾನೆಯಲ್ಲಿ ಕೆಲಸ ಆಯ್ತು. ಖಾಯಂ. ಮಳೆ ಬರಲಿ, ಬಂದರು ಮುಚ್ಚಲಿ, ಶನಿವಾರ ಸಂಬಳ."

"ತಂಡವನ್ನು ಮಾರಿದ್ದಕ್ಕೆ!"

"ಹಾಗಂತಲೇ ಇಟ್ಟುಕೋ. ಪೊರ್ಬುಗಳು ಆ ಬೆನೆಡಿಕ್ಟನ ಹಿಂದೆ ಎಷ್ಟು ತಿರುಗಿದರು ನಿನಗೆಂತ ಗೊತ್ತು? ಬೇರೆ ಕಡೆ ಸಿಗುವ ಜನ ಅಲ್ಲ ಅವ, ಪೂಜೆ ಬಿಟ್ಟ ಮೇಲೆ ಮಾತ್ರ ನಿಂತು ಮಾತಾಡ್ತಾನೆ. ಕೊನೆಗೆ ಹೇಳಿದ, ಕೆಲಸ ಕೊಡ್ತೇನೆ, ಆದರೆ ಧಣಿಗಳ ಕಣ್ಣೆದುರು ಅವರ ತಂಡವನ್ನು ಸೋಲಿಸಿದವರನ್ನು ಮಾರನೆ ದಿನ ಹಾಜರಿಯಲ್ಲಿ ನಿಲ್ಲಿಸಲಿಕ್ಕೆ ನನ್ನಿಂದ ಆಗುವುದಿಲ್ಲ ಅಂತ."

"ಅದಕ್ಕೆ ಒಪ್ಪಿಕೊಂಡಿರಾ?"

"ನಾನು ಒಪ್ಪಲಿಲ್ಲ. ಆಡ್ತೇನೆ, ಕೆಲಸ ಹೋಗಲಿ ಅಂದೆ. ಪೊರ್ಬುಗಳು ಹೇಳಿದರು, ಗೆದ್ದ ಕಪ್ಪನ್ನು ಬೇಯಿಸಿದರೆ ಗಂಜಿ ಆಗ್ತದಾ ಸಲಾಂ? ಆಮೇಲೆ ಎಲ್ಲರೂ ಕೂತು ಮಾತಾಡಿದೆವು. ಕೈ ಎತ್ತಿಸಿಯೇ ತೀರ್ಮಾನ ಮಾಡಿದ್ದು."

"ಸಭೆಯಾ? ಸೆಕ್ರೆಟರಿ ಇಲ್ಲದೆ?"

"ನಿನಗೆ ಹೇಳಿದರೆ ನೀನು ಹಲಗೆಯಲ್ಲಿ ಬರೀತಿದ್ದೆ ಮಾರಾಯ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಸಿಟ್ಟು ತರಿಸಿತು.

"ಈಗ ಯಾಕೆ ಹೇಳ್ತೀಯ?"

"ಧಣಿಗಳು ಆ ಗೆಲುವಿಗೆ ಕಾರ್ಖಾನೆಯಿಡೀ ಲಾಡು ಹಂಚಿದ್ದಾರೆ. ಬಿಟ್ಟುಕೊಟ್ಟ ಆಟ ಅಂತ ನೀನು ಸಭೆಯಲ್ಲಿ ಹೇಳಿದರೆ ಸಂಜೆಯೊಳಗೆ ಅವರ ಕಿವಿಗೆ ಬೀಳ್ತದೆ. ನಾವಿಬ್ಬರೂ ಹೊರಗೆ. ಬೆನೆಡಿಕ್ಟನೂ ಹೊರಗೆ. ಪೊರ್ಬುಗಳು ಹೇಳಿದ್ದಾರೆ, ಮಹಾಬಲನ ಹತ್ತಿರ ಯಾರೂ ಹೋಗಬೇಡಿ, ಅವನಿಗೆ ಸರಿ ಕಂಡದ್ದನ್ನು ಅವ ಹೇಳಲಿ ಅಂತ. ನಾನು ಕೇಳಲಿಲ್ಲ, ಬಂದೆ." ಎದ್ದ. "ಹೇಳುವುದಾದರೆ ಈಗಲೇ ಹೇಳು. ಬಂದರು ತೆರೆಯುವವರೆಗೆ ಅಮ್ಮನಿಗೆ ಎಂತ ಹೇಳುವುದು ಅಂತ ನಾನು ಯೋಚನೆ ಮಾಡಬೇಕು."

ಬಡತನವನ್ನು ಮುಂದಿಟ್ಟು ತಪ್ಪನ್ನು ಮುಚ್ಚುವುದು ಹಳೆಯ ಉಪಾಯ. ಅವನು ಹೇಳಿದ್ದು ಪೂರಾ ನಿಜವೆಂದು ನಾನು ಯಾಕೆ ನಂಬಬೇಕು? ಸಂಬಳದ ಆಸೆ ತೋರಿಸಿ ಕಾರ್ಮಿಕರನ್ನು ಒಡೆಯುವುದು ಹೇಗೆಂದು ನಾನು ಓದಿಲ್ಲವೆ?

ಆದರೆ ಎಲ್ಲರಿಗೂ ಗೊತ್ತಿತ್ತು. ಒಬ್ಬೊಬ್ಬರಿಗೂ. ಮಾತು ನಿಲ್ಲುತ್ತಿದ್ದದ್ದು ಅದಕ್ಕೆ.

೧೬ ಆಗಸ್ಟ್

ಭಾಷಣ ತಿದ್ದಿದೆ. ಇಗರ್ಜಿಯ ಭಾಗ ಉದ್ದವಾಯಿತೆಂದು ತೆಗೆದೆ. ಕಾರ್ಖಾನೆಯ ಭಾಗವನ್ನೂ ತೆಗೆದೆ. ಚಿಕ್ಕದಿದ್ದಷ್ಟು ಪರಿಣಾಮ ಹೆಚ್ಚು.

೧೭ ಆಗಸ್ಟ್, ಆದಿತ್ಯವಾರ

ಗೋದಾಮು ತುಂಬಿತ್ತು. ಕೂರಲು ಜಾಗವಿಲ್ಲದೆ ಜನ ಕೊಬ್ಬರಿ ಚೀಲಗಳ ಮೇಲೆ ಹತ್ತಿದ್ದರು. ಆಟಗಾರರೆಲ್ಲ ಗೋಡೆಗೆ ಒರಗಿ ನಿಂತಿದ್ದರು. ಪೊರ್ಬುಗಳು ಕೋಟು ಹಾಕಿಕೊಂಡು ಬಂದಿದ್ದರು, ಮದುವೆಗೆ ಬಂದವರಂತೆ.

ಸಂಕಪ್ಪಣ್ಣ ಸೋಲುಗಳನ್ನೆಲ್ಲ ಓದಿ ಹೇಳಿದರು. ಆಮೇಲೆ, "ಮಹಾಬಲ, ಇನ್ನು ನೀನು ಹೇಳು. ಆ ಇಗರ್ಜಿಯ ಎದುರು ನೋಡಿದ್ದನ್ನು ಹೇಳು," ಎಂದರು.

ಎದ್ದು ನಿಂತೆ. ಸಲಾಂ ನೆಲ ನೋಡುತ್ತಿದ್ದ. ಅದ್ದು ನನ್ನನ್ನೇ ನೋಡುತ್ತಿದ್ದ, ಪೆನಾಲ್ಟಿಗೆ ನಿಂತ ಗೋಲಿಯಂತೆ.

"ಪೊರ್ಬುಗಳು ಪೂಜೆಗೆ ಹೋಗಿದ್ದರು," ಎಂದೆ.

"ಅದಲ್ಲ ಮಾರಾಯ. ಪೂಜೆ ಬಿಟ್ಟ ಮೇಲೆ?"

"ಮಳೆ ಬರ್ತಿತ್ತು. ಸರಿ ಕಾಣಲಿಲ್ಲ."

"ನನ್ನ ಹತ್ತಿರ ಬೇರೆ ಹೇಳಿದ್ದಿ!"

"ಅವಸರದಲ್ಲಿ ಹೇಳಿದೆ. ತಂಡದ ಆಯ್ಕೆ ತಪ್ಪಿತು. ಸೋಲಿಗೆ ಅದು ಕಾರಣ. ಬೇರೆ ಕಾರಣ ನನಗೆ ಕಂಡಿಲ್ಲ."

ಗುಸುಗುಸು ಎದ್ದಿತು. ಪೊರ್ಬುಗಳು ಕೋಟಿನ ಗುಂಡಿ ಹಾಕುತ್ತ ಎದ್ದರು.

"ಅವ ಹೇಳಿದ್ದು ಸರಿ. ಹೊಸಬರನ್ನು ಆಡಿಸಿ ನೋಡುವ ಅಂತ ಮಾಡಿದೆ. ಲೆಕ್ಕ ತಪ್ಪಿತು. ಪ್ರಾಯ ಆಯ್ತು. ಬೇರೆಯವರನ್ನು ನೋಡಿ."

ಅಷ್ಟೇ. ಇಪ್ಪತ್ತು ವರ್ಷ ಕ್ಲಬ್ಬು ಕಟ್ಟಿದ ಮನುಷ್ಯ ಅಷ್ಟೇ ಹೇಳಿ ಕೂತರು.

ಜೊಕಿಮ್ ಅವರನ್ನು ಬಿಡುಗಡೆ ಮಾಡಲು ಒಪ್ಪುವವರು ಕೈ ಎತ್ತಿ ಎಂದರು ಸಂಕಪ್ಪಣ್ಣ. ಚೀಲಗಳ ಮೇಲಿನ ಕೈಗಳು ಮೊದಲು ಎದ್ದವು. ಗೋಡೆಯ ಕಡೆಯಿಂದ ಒಂದೂ ಏಳಲಿಲ್ಲ. ಪೊರ್ಬುಗಳು ತಿರುಗಿ ಆಟಗಾರರನ್ನು ದಿಟ್ಟಿಸಿದರು, ಮೈದಾನದ ಅಂಚಿನಿಂದ ದಿಟ್ಟಿಸುವ ಹಾಗೆಯೇ. ಆಮೇಲೆ ತಮ್ಮ ಕೈಯನ್ನು ತಾವೇ ಎತ್ತಿದರು.

"ಸರ್ವಾನುಮತ ಆದರೆ ಚಂದ," ಎಂದರು.

ಆಗ ಒಬ್ಬೊಬ್ಬರಾಗಿ ಎತ್ತಿದರು. ಸಲಾಂ ಕೊನೆಯವನು. ನಾನೂ ಎತ್ತಿದೆ. ಎತ್ತದಿದ್ದರೆ ಜನರಿಗೆ ಸಂಶಯ ಬರುತ್ತಿತ್ತು.

ಪೂರ್ಣ ಸತ್ಯವನ್ನು ಹೇಳುವ ಕಾಲ ಇನ್ನೂ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಇದು ತಂತ್ರ ಮಾತ್ರ. ತತ್ವ ಬದಲಾಗಿಲ್ಲ.

೩೦ ಆಗಸ್ಟ್

ನಿನ್ನೆ ಮೀನು ಹಿಡಿಯುವ ಮೊಗವೀರರು ದೋಣಿ ಇಳಿಸುವ ಮುನ್ನ ಕಡಲಿಗೆ ಹಾಲೆರೆದರು. ಅಂಗಡಿಯಲ್ಲಿ ಹಗ್ಗಕ್ಕೆ ಬೇಡಿಕೆ ಬಂದಿದೆ.

ರಾತ್ರಿಯ ಗಂಜಿ ಬಡಿಸುತ್ತ ಬೀಡಿ ಕಟ್ಟುವ ನನ್ನ ಅಕ್ಕ ಗುಲಾಬಿ ಹೇಳಿದಳು: "ಬೀಡಿ ಡಿಪೋದಲ್ಲಿ ಎಂತ ಮಾತು ಗೊತ್ತುಂಟಾ? ಪೊರ್ಬುಗಳಿಗೆ ಸಿಕ್ಕಿದ ದುಡ್ಡಿನಲ್ಲಿ ನಿನಗೂ ಪಾಲು ಉಂಟಂತೆ."

"ಯಾರು ಹೇಳಿದ್ದು?"

"ಯಾರು ಹೇಳಲಿಲ್ಲ ಅಂತ ಕೇಳು. ಭಾಷಣ ಮಾಡ್ತೇನೆ ಅಂತ ಊರಿಡೀ ಹೇಳಿದವ ಸಭೆಯಲ್ಲಿ ಮೂಕ ಆದದ್ದು ಯಾಕೆ, ಸುಮ್ಮನೆಯಾ ಅಂತ."

"ಸುಳ್ಳು ಅಂತ ಹೇಳಬೇಕಿತ್ತು."

"ಹೇಳಿದೆ. ಹಾಗಾದರೆ ಯಾಕೆ ಮೂಕ ಆದ ಅಂತ ಮತ್ತೆ ಕೇಳಿದರು." ಚಟ್ನಿ ಹಾಕಿದಳು. "ಯಾಕೆ ಆದದ್ದು ನೀನು?"

"ಇನ್ನು ಸ್ವಲ್ಪ ಗಂಜಿ ಹಾಕು," ಎಂದೆ.

ಜನರಿಗೆ ಎಷ್ಟು ಬೇಗ ಸಂಶಯ ಬರುತ್ತದೆ! ಕಣ್ಣಾರೆ ಕಾಣದೆ, ಕೇಳದೆ ಒಬ್ಬ ಮನುಷ್ಯನ ಮೇಲೆ ಹೀಗೆಲ್ಲ ಹೊರಿಸುವುದು ನಮ್ಮ ಸಮಾಜದ ರೋಗ. ಇದರ ಬಗ್ಗೆ ಯಾರಾದರೂ ಒಂದು ಹೊತ್ತಗೆ ಬರೆಯಬೇಕು.

೭ ಸೆಪ್ಟೆಂಬರ್, ಆದಿತ್ಯವಾರ

ಮ್ಯಾನೇಜರ್ ಕೆಲಸವನ್ನು ಸದ್ಯಕ್ಕೆ ನನಗೇ ಕಟ್ಟಿದ್ದಾರೆ. ಬೇರೆ ಯಾರೂ ಒಪ್ಪಲಿಲ್ಲ. ಸಲಾಂ, ಅದ್ದು ಈಗ ಕೆಂಪಂಗಿಯವರು. ಮುಂದಿನ ವಾರ ಉಳ್ಳಾಲದವರ ಜೊತೆ ಆಟ, ಸೆಂಟರ್ ಫಾರ್ವರ್ಡ್ ಯಾರೆಂದು ತಿಳಿಯದೆ ಸಂಜೆ ಪೊರ್ಬುಗಳ ಮನೆಗೆ ಹೋದೆ.

ಅವರು ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಬಾಯಮ್ಮ ಸಂಜೆಯ ಪ್ರಾರ್ಥನೆಗೆ ತಮ್ಮ ಇಗರ್ಜಿಗೆ ಹೋಗಿದ್ದಾರೆ ಎಂದರು. "ನಾನು ಬೆಳಿಗ್ಗೆ ಅವಳ ಜೊತೆಗೇ ಹೋಗಿ ಬಂದೆ. ಪ್ರಸಂಗದಲ್ಲಿ ನಿದ್ರೆ ಮಾಡಿದ್ದಕ್ಕೆ ಬೈಗಳೂ ಸಿಕ್ಕಿತು."

ನನ್ನ ಪ್ರಶ್ನೆ ಕೇಳಿ ತಲೆಯಾಡಿಸಿದರು.

"ಕ್ಲಬ್ಬಿನ ವಿಷಯ ಹೊರಗಿನವರ ಹತ್ತಿರ ಮಾತಾಡಬಾರದು ಮಹಾಬಲ."

ಅದು ತಮಾಷೆಯೋ ಅಲ್ಲವೋ ತಿಳಿಯಲಿಲ್ಲ. ನಾನು ಎದ್ದೆ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಸ್ವರ ಬಂತು.

"ಮಳೆ ಬಿಟ್ಟಿದೆ. ಚೆಂಡಿನ ಚರ್ಮ ಒಣಗಿ ಬಿರಿಯಬಹುದು. ಎಣ್ಣೆ ಹಚ್ಚಿದ್ದೀಯಾ?"

"ಇಲ್ಲ."

"ತೆಂಗಿನೆಣ್ಣೆ ಬೇಡ, ಇಲಿ ಕಡಿಯುತ್ತದೆ. ಹರಳೆಣ್ಣೆ ಹಚ್ಚು. ಹೊಲಿಗೆಯ ಮೇಲೆ ಬೆರಳಿನಿಂದ, ನಿಧಾನ. ಹಚ್ಚಿ ಬಿಸಿಲಿಗೆ ಇಡಬೇಡ. ಆ ಚೆಂಡು..." ಅಲ್ಲಿಗೆ ನಿಲ್ಲಿಸಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಕಣ್ಣು ಒರೆಸಿಕೊಂಡರು.

"ಒಲೆಯ ಹೊಗೆ," ಎಂದರು.

ಬಾಗಿಲು ತೆರೆದಿತ್ತು. ನಾನು ನಿಂತಲ್ಲಿಂದ ಅಡುಗೆಮನೆ ಕಾಣುತ್ತಿತ್ತು. ಒಲೆ ಉರಿಯುತ್ತಿರಲಿಲ್ಲ.

ನಾನು ಮುಂದೆ ವಿಚಾರಿಸಲಿಲ್ಲ.